ಹೈಸ್ಕೂಲ್ ಫ್ರೆಂಚ್ ಶಿಕ್ಷಕರಿಗೆ ಐದು ದಿನದ ತರಬೇತಿ: ಏನಿಡಬೇಕು, ಏನು ಬಿಡಬೇಕು?

ಸಂಪಿಗೆರಸ್ತೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಾಲ್ಕೈದು ಸಿಬಿಎಸ್‌ಇ ಶಾಲೆಗಳು ಸೇರಿ, ಶಾಲೆ ಶುರುವಾಗೋ ಮುಂಚೆ ಫ್ರೆಂಚ್ ಶಿಕ್ಷಕರಿಗೆ ಐದು ದಿನದ ತರಬೇತಿ ಇಡೋಣ ಅಂತಿವೆ. ದಿನಕ್ಕೆ ಆರು ಗಂಟೆ, ಒಟ್ಟು 30. ಬರೋರು ಹನ್ನೆರಡು ಜನ. ಎಲ್ಲರ ಹತ್ರಾನೂ ಡೆಲ್ಫ್ (ಫ್ರಾನ್ಸ್ ಸರ್ಕಾರದ ಫ್ರೆಂಚ್ ಭಾಷಾ ಪರೀಕ್ಷೆ) ಬಿ2 ಹಂತ ಇದೆ, ಇಬ್ಬರದ್ದು ಎಂ.ಎ. ಫ್ರೆಂಚ್. ಬಿ.ಎಡ್. ಆದವರೂ ಇದ್ದಾರೆ, ಆದರೆ ಅವರು ಓದಿರೋದು ಇಂಗ್ಲಿಷ್ ಅಥವಾ ಸಮಾಜ ವಿಜ್ಞಾನದ ಬೋಧನಾ ವಿಧಾನ. ಫ್ರೆಂಚನ್ನ ಪರಭಾಷೆಯಾಗಿ ಕಲಿಸೋದು ಹೇಗೆ ಅಂತ ಯಾರೂ ಕ್ರಮವಾಗಿ ಕಲಿತಿಲ್ಲ. 6ರಿಂದ 10ನೇ ತರಗತಿ, ಒಂದು ಕ್ಲಾಸಿಗೆ 35–40 ಮಕ್ಕಳು, ವಾರಕ್ಕೆ 40 ನಿಮಿಷದ ಮೂರು ಪಿರಿಯಡ್.

ನನ್ನ ಕರಡು ಹೀಗಿದೆ. ಮೊದಲ ದಿನ ಬೋಧನಾ ವಿಧಾನಗಳ ಇತಿಹಾಸ, ಜೊತೆಗೆ 2001ರ ಯುರೋಪಿಯನ್ ಚೌಕಟ್ಟು, ಅಂದರೆ ಭಾಷೆ ಎಷ್ಟು ಬರುತ್ತೆ ಅಂತ ಅಳೆಯೋ ಎ1ರಿಂದ ಸಿ2 ತನಕದ ಹಂತಗಳು. ಎರಡನೇ ದಿನ ವ್ಯಾಕರಣ. ಮೂರನೇ ದಿನ ಕೇಳೋದು, ಓದೋದು. ನಾಲ್ಕನೇ ದಿನ ಉಚ್ಚಾರ ಮತ್ತು ಸಂಸ್ಕೃತಿ. ಐದನೇ ದಿನ ಮೌಲ್ಯಮಾಪನ, ಕೊನೇ ಎರಡು ಗಂಟೆ ಮಾದರಿ ಪಾಠ. ಎಲ್ಲಿ ತಪ್ಪಿದೆ ಅಂತ ನೇರವಾಗಿ ಹೇಳಿ.

ಕಪ್ಪುಹಲಗೆ
ಮಾದರಿ ಪಾಠವನ್ನ ಐದನೇ ದಿನದ ಕೊನೆಗೆ ತಳ್ಳಿರೋದೇ ದೊಡ್ಡ ತಪ್ಪು ಸರ್. ಅಲ್ಲಿ ಕಂಡ ದೋಷ ತಿದ್ದೋಕೆ ಆರನೇ ದಿನ ಎಲ್ಲಿದೆ?

ಎರಡನೇ ದಿನದಿಂದಲೇ ಶುರು ಮಾಡಿ. ಹನ್ನೆರಡು ಜನರನ್ನ ಆರಾರು ಮಾಡಿ ಎರಡು ಕೋಣೆಗೆ ಹಾಕಿ. ಒಬ್ಬೊಬ್ಬರಿಗೆ 10 ನಿಮಿಷ ಪಾಠ, 10 ನಿಮಿಷ ಚರ್ಚೆ. ಆರು ಜನಕ್ಕೆ ಎರಡು ಗಂಟೆ. ಮಾರನೇ ದಿನ ಅದೇ ಪಾಠವನ್ನ ತಿದ್ದಿಕೊಂಡು ಮತ್ತೆ ಮಾಡಲಿ. ಎರಡು ಸುತ್ತಿಗೆ ನಾಲ್ಕು ಗಂಟೆ ಹೋಗುತ್ತೆ, ಅಷ್ಟೇ. ಬಿ.ಎಡ್. ಆದವರಿಗೆ ಸೂಕ್ಷ್ಮ ಬೋಧನೆಯ (ಮೈಕ್ರೋಟೀಚಿಂಗ್) ಈ ಮಾಡು–ತಿದ್ದು–ಮತ್ತೆ ಮಾಡು ಪದ್ಧತಿ ಹೊಸದಲ್ಲ.

ಒಬ್ಬರು ಪಾಠ ಮಾಡುವಾಗ ಉಳಿದ ಐವರಲ್ಲಿ ಮೂವರು ಮಕ್ಕಳಾಗಲಿ, ಇಬ್ಬರು ನೋಡಲಿ. ನೋಡೋರ ಕೈಗೆ ಖಾಲಿ ಹಾಳೆ ಕೊಡಬೇಡಿ, "ಚೆನ್ನಾಗಿತ್ತು ಮೇಡಂ" ಅಂತ ಬರೆದು ಮುಗಿಸ್ತಾರೆ. ಒಬ್ಬರಿಗೆ ಒಂದೇ ಕೆಲಸ ಒಪ್ಪಿಸಿ. ಒಬ್ಬರು ಸ್ಟಾಪ್‌ವಾಚ್ ಹಿಡಿದು ಶಿಕ್ಷಕರು ಎಷ್ಟು ಸೆಕೆಂಡ್ ಮಾತಾಡಿದ್ರು ಅಂತ ಅಳೀಲಿ. ಇನ್ನೊಬ್ಬರು ಶಿಕ್ಷಕರು ಕೊಟ್ಟ ಪ್ರತಿ ಸೂಚನೆಯನ್ನ ಬಾಯಿಂದ ಬಂದ ಹಾಗೇ ಬರ್ಕೊಳ್ಳಲಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಸುಮ್ಮನೆ ಕಾದರು ಅನ್ನೋದನ್ನ ತರಬೇತುದಾರರು ನೋಡಲಿ. ಹೊಸಬರು ಒಂದು ಸೆಕೆಂಡೂ ಕಾಯಲ್ಲ, ಉತ್ತರ ತಾವೇ ಹೇಳಿಬಿಡ್ತಾರೆ. ಕನಿಷ್ಠ ಮೂರು ಸೆಕೆಂಡ್ ಕಾದರೆ ಹಿಂದಿನ ಬೆಂಚಿನ ಮಗೂನೂ ಬಾಯಿ ತೆರೆಯುತ್ತೆ.

ಮೂರನೇಬೆಂಚು
ಒಪ್ಪಿದೆ. ಇತಿಹಾಸಕ್ಕೆ ಇಡೀ ದಿನ ಯಾಕೆ ಅಂತ ನನ್ನದೂ ಪ್ರಶ್ನೆ. ತೆಗೆದೇ ಬಿಡಿ.

ಓದುಮನೆ
ತೆಗೆಯೋದು ಬೇಡ. ನಮ್ಮ ಶಿಕ್ಷಕರು ತಾವು ಕಲಿತ ರೀತಿಯಲ್ಲೇ ಕಲಿಸ್ತಾರೆ: ಪಾಠ ಓದು, ಇಂಗ್ಲಿಷಿಗೆ ಅನುವಾದ ಮಾಡು, ಕ್ರಿಯಾಪದದ ಪಟ್ಟಿ ಬಾಯಿಪಾಠ ಮಾಡು. ಅದು ವ್ಯಾಕರಣ–ಅನುವಾದ ಪದ್ಧತಿ, ಅದಕ್ಕೊಂದು ಕಾಲ ಇತ್ತು ಅಂತ ಗೊತ್ತಾಗದೆ ಅವರು ಅದರಿಂದ ಹೊರಗೆ ಬರಲ್ಲ. 1950ರ ದಶಕದಲ್ಲಿ ಝಾಗ್ರೆಬ್‌ನ (ಈಗಿನ ಕ್ರೊಯೇಷಿಯಾ) ಭಾಷಾತಜ್ಞ ಪೆಟಾರ್ ಗುಬೆರಿನಾ ಮತ್ತು ಪ್ಯಾರಿಸ್ ಹತ್ತಿರದ ಸೇಂ–ಕ್ಲೂದಲ್ಲಿದ್ದ ಪೋಲ್ ರಿವಾಂಕ್ ಅವರ ತಂಡ ಸೇರಿ ಧ್ವನಿ, ಚಿತ್ರ ಎರಡನ್ನೂ ಕೂಡಿಸಿ ಕಲಿಸೋ ವಿಧಾನ ಕಟ್ಟಿದ್ರು. ಆಮೇಲೆ ನಿಜವಾದ ಮಾತುಕತೆಯ ಮೂಲಕ ಕಲಿಸೋ ಸಂವಹನ ವಿಧಾನ ಬಂತು. 2001ರ ಚೌಕಟ್ಟು ಬಂದ ಮೇಲೆ "ಕಲಿಯೋನು ಭಾಷೆ ಬಳಸಿ ಒಂದು ಕೆಲಸ ಮಾಡಿ ಮುಗಿಸಬೇಕು" ಅನ್ನೋದು ಮುಖ್ಯವಾಯ್ತು. ಈಗಿನ ಪುಸ್ತಕದಲ್ಲಿ ಪ್ರತಿ ಘಟಕದ ಕೊನೆಗೆ ಒಂದು ಯೋಜನೆ ಯಾಕಿದೆ ಅನ್ನೋದಕ್ಕೆ ಉತ್ತರ ಅಲ್ಲೇ ಇದೆ. ಶಿಕ್ಷಕರು ಆ ಪುಟವನ್ನೇ ಹಾರಿಸ್ತಾರೆ.

ಒಂದು ದಿನ ಹೆಚ್ಚಾಯ್ತು ನಿಜ. 45 ನಿಮಿಷ ಸಾಕು. ಅದೂ ಭಾಷಣ ಬೇಡ. ನಾಲ್ಕು ಬೇರೆ ಬೇರೆ ಕಾಲದ ಪಠ್ಯದಿಂದ ಒಂದೊಂದು ಪುಟದ ಜೆರಾಕ್ಸ್ ಕೊಟ್ಟು, "ಇಲ್ಲಿ ಮಗು ಏನು ಮಾಡುತ್ತೆ? ಮೊದಲು ನಿಯಮವೋ, ಉದಾಹರಣೆಯೋ?" ಅಂತ ಗುಂಪಿನಲ್ಲಿ ಕಂಡುಹಿಡಿಯಲಿ.

ಕಪ್ಪುಹಲಗೆ
@ಓದುಮನೆ ಜೆರಾಕ್ಸ್ ಪುಟದ ಉಪಾಯ ಒಳ್ಳೇದು ಮೇಡಂ. 45 ನಿಮಿಷಕ್ಕೆ ನನ್ನ ತಕರಾರಿಲ್ಲ.

ಕಡಲತೀರ
ಮೊದಲ ದಿನ ಬೆಳಿಗ್ಗೆ ಮೊಟ್ಟಮೊದಲು ಒಂದು ಅಪರಿಚಿತ ಭಾಷೆಯ ಪಾಠ ಇಡಿ. ಅರ್ಧ ಗಂಟೆ, ಯಾರಿಗೂ ಗೊತ್ತಿಲ್ಲದ ಭಾಷೆ, ಒಂದಕ್ಷರ ಇಂಗ್ಲಿಷ್ ಇಲ್ಲ. ಹೆಸರು ಹೇಳೋದು, ಹೆಸರು ಕೇಳೋದು, ಒಂದರಿಂದ ಐದು ಎಣಿಸೋದು, ಅಷ್ಟೇ ಗುರಿ. ಫ್ರೆಂಚ್ ಶಿಕ್ಷಕರ ತರಬೇತಿಯಲ್ಲಿ ಇದು ಹಳೇ ರೂಢಿ. ಏನೂ ಅರ್ಥವಾಗದೆ ಕೂತಾಗ ಕಲಿಯೋನಿಗೆ ಆಸರೆ ಯಾವುದು ಅನ್ನೋದು ಮೈಗೆ ತಿಳಿಯುತ್ತೆ: ಸನ್ನೆ, ಚಿತ್ರ, ಮತ್ತೆ ಮತ್ತೆ ಕೇಳಿಸ್ಕೊಳ್ಳೋದು. ಆಮೇಲೆ ಹದಿನೈದು ನಿಮಿಷ, "ಯಾವ ಕ್ಷಣದಲ್ಲಿ ಅರ್ಥವಾಯ್ತು? ಯಾವಾಗ ಗಾಬರಿಯಾಯ್ತು?" ಅಂತ ಮಾತಾಡಿಸಿ. ತುಳು ಇಡಬಹುದು, ಹೇಳಿಕೊಡೋರು ಸುಲಭವಾಗಿ ಸಿಗ್ತಾರೆ.

ನಾಸಿಕ್ಯ
ತುಳು ಬೇಡ. ಕನ್ನಡ ಬಲ್ಲವರು ಅರ್ಧಕ್ಕರ್ಧ ಊಹಿಸಿಬಿಡ್ತಾರೆ, ಕಷ್ಟವೇ ಗೊತ್ತಾಗಲ್ಲ. ಕೊಂಕಣಿಗೂ ಇದೇ ಮಾತು. ಹಂಗೇರಿಯನ್, ಟರ್ಕಿಶ್ ಥರದ್ದು ಹಿಡೀರಿ. ತರಬೇತುದಾರರಿಗೆ ಆ ಭಾಷೆ ಪೂರ್ತಿ ಬರಬೇಕಿಲ್ಲ, ಹತ್ತು ವಾಕ್ಯವನ್ನ ಸರಿಯಾದ ಉಚ್ಚಾರದಲ್ಲಿ ಹೇಳೋಕೆ ಬಂದ್ರೆ ಸಾಕು.

ಸಂಪಿಗೆರಸ್ತೆ
ಇದು ಹೊಳೆದೇ ಇರಲಿಲ್ಲ, ಸೇರಿಸ್ತೀನಿ. ಉಚ್ಚಾರಕ್ಕೆ ಅರ್ಧ ದಿನ ಸಾಕಾ? ನಮ್ಮ ಕಡೆ ಮಕ್ಕಳಲ್ಲಿ ಯಾವ ತಪ್ಪು ಮೊದಲು ಹಿಡೀಬೇಕು?

ನಾಸಿಕ್ಯ
ಅರ್ಧ ದಿನ ಒಂದೇ ಸಲ ಇಟ್ರೆ ಯಾವುದೂ ನಿಲ್ಲಲ್ಲ. ದಿನಾ 40 ನಿಮಿಷದಂತೆ ಐದು ದಿನಕ್ಕೂ ಹಂಚಿ. ಕ್ಲಾಸಲ್ಲೂ ಅದೇ ಕ್ರಮ: ಉಚ್ಚಾರದ ಪಾಠ ಅಂತ ಬೇರೆ ಪಿರಿಯಡ್ ಬೇಡ, ಪ್ರತಿ ಪಿರಿಯಡ್‌ನಲ್ಲಿ ಐದು ನಿಮಿಷ.

ಮೊದಲು ನಮಗಿರೋ ಅನುಕೂಲ ಶಿಕ್ಷಕರಿಗೆ ಗೊತ್ತಿರಲಿ. ಫ್ರೆಂಚಿನ ತ, ದ ನಾಲಿಗೆ ಹಲ್ಲಿಗೆ ತಾಗಿ ಬರುತ್ತೆ, ನಮ್ಮ ತ, ದ ಹಾಗೇ. ಮಕ್ಕಳು ಇಂಗ್ಲಿಷ್ ಮೂಲಕ ಬಂದಿರೋದ್ರಿಂದ ಟ, ಡ ಅಂತಾರೆ. "ಇಲ್ಲಿ ತ, ದ ಬಳಸಿ" ಅಂತ ಒಂದೇ ಮಾತು ಹೇಳಿದ್ರೆ ಅಲ್ಲಿಗೆ ಮುಗೀತು. ಪ, ತ, ಕ ಉಸಿರು ಬಿಡದೆ ಬರೋದೂ ಹಾಗೇ. ಇಂಗ್ಲಿಷ್ ಮಾತೃಭಾಷೆಯವರು ಒದ್ದಾಡೋ ಜಾಗದಲ್ಲಿ ನಮ್ಮವರಿಗೆ ಶ್ರಮವೇ ಇಲ್ಲ.

ಇನ್ನು ತೊಂದರೆಗಳು. ಒಂದು, ಪದದ ಮೊದಲಿನ ಎ, ಒ. ನಾವು ಎಲ್ಲಿ, ಒಂದು ಅನ್ನುವಾಗ ಬಾಯಲ್ಲಿ "ಯೆ", "ವೊ" ಬರುತ್ತೆ. ಅದೇ ಅಭ್ಯಾಸ ಫ್ರೆಂಚಿಗೂ ಹೋಗಿ "ಎಲ್" ಅನ್ನೋದು "ಯೆಲ್" ಆಗುತ್ತೆ. ಎರಡು, ಪದದ ಕೊನೆಗೆ ಉಕಾರ: "ಅವೆಕ್" ಹೋಗಿ "ಅವೆಕ್ಕು". ಮೂರು, ಜ಼ (ಇಂಗ್ಲಿಷಿನ z) ಅನ್ನೋ ಧ್ವನಿ. ಇದು ಅರ್ಥವನ್ನೇ ಕೆಡಿಸುತ್ತೆ. "ಇಲ್ ಜ಼ೋಂ" ಅಂದ್ರೆ ಅವರ ಬಳಿ ಇದೆ, "ಇಲ್ ಸೋಂ" ಅಂದ್ರೆ ಅವರು ಇದ್ದಾರೆ. ಜ಼ ಬರದ ಮಗು ಎರಡನ್ನೂ ಒಂದೇ ಮಾಡುತ್ತೆ ಅಥವಾ ಜ ಅನ್ನುತ್ತೆ. "ದೆಜ಼ೇರ್" ಮರುಭೂಮಿ, "ದೆಸೇರ್" ಊಟದ ಕೊನೆಯ ಸಿಹಿ, ಇದೂ ಹಾಗೇ.

ನಾಲ್ಕನೆಯದು ಅನುನಾಸಿಕ ಸ್ವರ, ಹೆಚ್ಚು ಹೊತ್ತು ಹಿಡಿಯೋದು ಇದೇ. ನಮ್ಮ ಸೊನ್ನೆ ಮುಂದಿನ ಅಕ್ಷರ ನೋಡಿಕೊಂಡು ನ್, ಮ್, ಙ್ ಆಗುತ್ತೆ: ಕಂಬದಲ್ಲಿ ಮ್, ದಂತದಲ್ಲಿ ನ್. ಫ್ರೆಂಚಲ್ಲಿ ಹಾಗಾಗಬಾರದು, ಸ್ವರವೇ ಮೂಗಿನಲ್ಲಿ ಬಂದು ಅಲ್ಲೇ ನಿಲ್ಲಬೇಕು. ಹಾಡು ಅನ್ನೋ ಕ್ರಿಯಾಪದವನ್ನ ಮಗು "ಶಾನ್ತೆ" ಅಂತ ನ್ ಸೇರಿಸಿಯೇ ಹೇಳುತ್ತೆ. ಅದಕ್ಕೆ ಅಭ್ಯಾಸದ ಕ್ರಮ ಮುಖ್ಯ. ಮೊದಲು ಸ್ವರ ಕೊನೆಗೆ ಬರೋ ಪದ (ಬೋಂ, ಪೇಂ), ಅಲ್ಲಿ ಮುಂದೆ ಅಕ್ಷರವೇ ಇಲ್ಲ. ಆಮೇಲೆ ಸ, ಶ, ಫ಼ ಮುಂದೆ ಬರೋ ಪದ. ತ, ದ, ಪ, ಬ ಮುಂದೆ ಬರೋದು ಕೊನೆಗೆ. ಹೊಸಬರು "ಶಾಂತೆ"ಯಿಂದಲೇ ಶುರು ಮಾಡಿ, ಮಕ್ಕಳಿಗೆ ಬರಲ್ಲ ಅಂತ ಕೈಬಿಡ್ತಾರೆ.

ಐದನೆಯದು "ನೀನು" ಅನ್ನೋ ಅರ್ಥದ ಫ್ರೆಂಚ್ ಪದದಲ್ಲಿರೋ ಸ್ವರ. ಮಕ್ಕಳು "ತು" ಅಂತಾರೆ ಅಥವಾ "ತ್ಯು" ಅಂತ ಯಕಾರ ಸೇರಿಸ್ತಾರೆ. "ಈ" ಅಂತ ಸ್ವರ ಎಳೆದು ಹಿಡಿದು, ನಾಲಿಗೆ ಅಲ್ಲಾಡಿಸದೆ ತುಟಿ ಮಾತ್ರ ದುಂಡಗೆ ಮಾಡಿಸಿ. ಅದರಿಂದಲೂ ಬರದಿದ್ರೆ ಗುಬೆರಿನಾ ಹೇಳಿದ ದಾರಿ ಇದೆ. ಮಗು ಉ ಕಡೆ ಜಾರಿದ್ರೆ ಸ, ತ ಪಕ್ಕದಲ್ಲಿ, ಧ್ವನಿ ಮೇಲೇರೋ ಪ್ರಶ್ನೆಯಲ್ಲಿ ಆ ಸ್ವರ ಹೇಳಿಸಿ. ಇ ಕಡೆ ಜಾರಿದ್ರೆ ಮ, ಬ ಪಕ್ಕದಲ್ಲಿ, ಧ್ವನಿ ಇಳಿಯೋ ವಾಕ್ಯದಲ್ಲಿ ಹೇಳಿಸಿ.

ಎಲ್ಲಕ್ಕೂ ಮುಂಚೆ ಕಿವಿ. ಹೇಳಿಸೋ ಮೊದಲು ಹತ್ತು ಜೋಡಿ ಪದ ಕೇಳಿಸಿ, ಒಂದೇ ಆದ್ರೆ ಕೈ ಕೆಳಗೆ, ಬೇರೆ ಆದ್ರೆ ಕೈ ಮೇಲೆ. ಎರಡು ನಿಮಿಷದ ಕೆಲಸ. ಕಿವಿಗೆ ವ್ಯತ್ಯಾಸ ಗೊತ್ತಾಗದ ಮಗುವಿನಿಂದ ಬಾಯಲ್ಲಿ ಹೇಳಿಸೋಕೆ ಹೋಗಬಾರದು.

ಮೂರನೇಬೆಂಚು
ಗಂಟಲಲ್ಲಿ ಬರೋ ರ ಬಿಟ್ಟೇ ಬಿಟ್ರಲ್ಲ?

ನಾಸಿಕ್ಯ
ಬೇಕಂತಲೇ ಬಿಟ್ಟೆ. ನಮ್ಮ ರ ಹೇಳಿದ್ರೂ ಅರ್ಥ ಕೆಡಲ್ಲ, ಕೇಳೋನಿಗೆ ತಿಳಿಯುತ್ತೆ. ಜ಼ ಮತ್ತು ಅನುನಾಸಿಕ ತಪ್ಪಿದ್ರೆ ತಿಳಿಯಲ್ಲ. ಇರೋ ಐದು ನಿಮಿಷವನ್ನ ಎಲ್ಲಿ ಖರ್ಚು ಮಾಡಬೇಕು ಅನ್ನೋ ವಿವೇಕ ಇದು. ಹೊಸ ಶಿಕ್ಷಕರು ಮೊದಲ ವಾರವೆಲ್ಲ ಮಕ್ಕಳಿಂದ ಗಂಟಲು ಕೆರೆಸ್ತಾ ಕೂರ್ತಾರೆ.

ಓದುಮನೆ
ಇನ್ನೊಂದು ಸೇರಿಸಿ. ಮಕ್ಕಳು ಪುಸ್ತಕದ ಪದಗಳ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲೋ ಹಿಂದಿಯಲ್ಲೋ ಉಚ್ಚಾರ ಬರ್ಕೋತಾರೆ. ಅದನ್ನ ಮೊದಲ ವಾರದಲ್ಲೇ ನಿಲ್ಲಿಸಬೇಕು. ಸೊನ್ನೆ ಬರೆದ ಕೂಡಲೇ ನ್ ಬಂದೇ ಬರುತ್ತೆ. ಇಲ್ಲಿ ನಾವು ಬರೀತಿರೋದು ಶಿಕ್ಷಕರಿಗಾಗಿ, ಅದು ಬೇರೆ ಮಾತು. ಪದವನ್ನ ಮೂರು ಸಲ ಕೇಳಿ, ಹೇಳಿ, ಆಮೇಲಷ್ಟೇ ಬರವಣಿಗೆ ನೋಡೋ ಕ್ರಮ ಹಾಕಿದ್ರೆ ಆ ಅಭ್ಯಾಸ ಹುಟ್ಟೋದೇ ಇಲ್ಲ.

ಹುಬ್ಬಳ್ಳಿಯವ
ಎಲ್ಲಾ ಖರೇ ಅದರಿ, ಆದ್ರ ವೇಳೇದ ಲೆಕ್ಕಾ ಯಾರೂ ಹಾಕಲಿಲ್ಲ. 40 ನಿಮಿಷದ ಮೂರು ಪಿರಿಯಡ್ ಅಂದ್ರ ವಾರಕ್ಕ ಎರಡು ತಾಸು. ಪರೀಕ್ಷಾ, ಸೂಟಿ, ಗ್ಯಾದರಿಂಗ್ ಕಳದ್ರ ವರ್ಷಕ್ಕ 30 ವಾರ ಹಿಡೀರಿ, 60 ತಾಸು ಆತು. ಎ1 ಮುಗಸಾಕ 60ರಿಂದ 100 ತಾಸು ಬೇಕಂತಾರ, ಅದೂ ಸಣ್ಣ ಗುಂಪಿನ್ಯಾಗ. 40 ಹುಡುಗರ ಕ್ಲಾಸಿನ್ಯಾಗ ಒಬ್ಬೊಬ್ಬರನ್ನs ಎಬ್ಬಿಸಿ ಮಾತಾಡಿಸಿದ್ರ ಒಬ್ಬಂವಗ ಒಂದು ನಿಮಿಷ ಸುದ್ದಾ ಸಿಗೂದಿಲ್ಲ. ಬೆಂಚಿನ ಮ್ಯಾಲ ಇಬ್ಬಿಬ್ಬರು ಎದುರುಬದರು ಮಾತಾಡಿದ್ರ ಐದು ನಿಮಿಷದಾಗ ಎಲ್ಲಾರೂ ಎರಡೂವರಿ ನಿಮಿಷ ಮಾತಾಡಿರ್ತಾರ. ಈ ಲೆಕ್ಕಾ ಮೊದಲನೇ ದಿನಾನ ಬೋರ್ಡ್ ಮ್ಯಾಲ ಬರೀರಿ.

ಮೂರನೇಬೆಂಚು
ಜೋಡಿ ಕೆಲಸ ಅಂದ ಕೂಡಲೇ ಕ್ಲಾಸು ಸಂತೆಯಾಗುತ್ತೆ, ಪಕ್ಕದ ಕ್ಲಾಸಿನವರು ಬಂದು ಬಾಗಿಲು ತಟ್ತಾರೆ. ಮಕ್ಕಳು ಫ್ರೆಂಚ್ ಬಿಟ್ಟು ಬೇರೆಲ್ಲ ಮಾತಾಡ್ತಾರೆ.

ಕಪ್ಪುಹಲಗೆ
ಸಂತೆಯಾಗೋದು ಸೂಚನೆ ಸರಿಯಿಲ್ಲದಾಗ. ಶಿಕ್ಷಕರು ಒಂದೇ ಉಸಿರಲ್ಲಿ, "ಈಗ ನೀವು ಪಕ್ಕದವರ ಜೊತೆ ಸೇರಿ ಪುಟ ಇಪ್ಪತ್ತರ ಸಂಭಾಷಣೆ ಥರ ನಿಮ್ಮ ಕುಟುಂಬದ ಬಗ್ಗೆ..." ಅಂತ ಅರ್ಧ ನಿಮಿಷ ಹೇಳ್ತಾರೆ. ಮಗುವಿಗೆ ಯಾವುದು ಮೊದಲು, ಯಾವುದು ಆಮೇಲೆ ಗೊತ್ತಾಗಲ್ಲ.

ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ. "ಎಕುತೆ" ಅಂದ್ರೆ ಕೇಳಿ, ಜೊತೆಗೆ ಕಿವಿ ಮುಟ್ಟಬೇಕು. "ಕೋಶೆ" ಅಂದ್ರೆ ಟಿಕ್ ಹಾಕಿ, ಗಾಳಿಯಲ್ಲಿ ಗುರುತು ಹಾಕಿ ತೋರಿಸ್ಬೇಕು. ಆರನೇ ತರಗತಿಗೆ ಇಂಥ ಹತ್ತು ಕ್ರಿಯಾಪದ ಸಾಕು, ಗೋಡೆ ಮೇಲೆ ಚಿತ್ರದ ಜೊತೆ ಅಂಟಿಸಿ. ಹಾಳೆ ಹಂಚೋದು ಸೂಚನೆ ಕೊಟ್ಟ ಮೇಲೆ, ಮುಂಚೆ ಅಲ್ಲ; ಕೈಗೆ ಹಾಳೆ ಬಂದ ಮಗು ನಿಮ್ಮ ಮಾತು ಕೇಳಲ್ಲ. "ಅರ್ಥ ಆಯ್ತಾ?" ಅಂತ ಕೇಳೋದು ವ್ಯರ್ಥ, ಎಲ್ಲರೂ ಹೂಂ ಅಂತಾರೆ. ಒಂದು ಜೋಡಿಯನ್ನ ನಿಲ್ಲಿಸಿ ಮೊದಲ ಪ್ರಶ್ನೆ–ಉತ್ತರ ಮಾಡಿಸಿ ತೋರಿಸಿ. ಸಮಯವನ್ನೂ ಹೇಳಿ: ಮೂರು ನಿಮಿಷ. ಹತ್ತು ನಿಮಿಷ ಕೊಟ್ರೆ ಖಂಡಿತ ಬೇರೆ ಮಾತೇ.

ಇಬ್ಬರ ಬಳಿ ಇರೋ ಮಾಹಿತಿ ಬೇರೆ ಬೇರೆ ಆಗಿರಬೇಕು ಅನ್ನೋದನ್ನೂ ಮರೀಬೇಡಿ. ಎಡಗಡೆಯವನ ಹಾಳೆಯಲ್ಲಿ ವೇಳಾಪಟ್ಟಿಯ ಅರ್ಧ, ಬಲಗಡೆಯವಳ ಹಾಳೆಯಲ್ಲಿ ಉಳಿದರ್ಧ. ಕೇಳದೆ ತುಂಬೋಕಾಗಲ್ಲ, ಹಾಗಾಗಿ ಕೇಳ್ತಾರೆ.

ಸಂಪಿಗೆರಸ್ತೆ
ವ್ಯಾಕರಣದ ದಿನಕ್ಕೆ ಏನು ಹೇಳ್ತೀರಿ? ನಮ್ಮವರು ಕ್ರಿಯಾಪದದ ಪಟ್ಟಿ ಬರೆಸಿ ಬಾಯಿಪಾಠ ಮಾಡಿಸೋದ್ರಲ್ಲೇ ಇದ್ದಾರೆ.

ಓದುಮನೆ
ಪಟ್ಟಿ ಕಿವಿಗೆ ಏನನ್ನೂ ಕಲಿಸಲ್ಲ ಸರ್. ಮಾತಾಡು ಅನ್ನೋ ಕ್ರಿಯಾಪದದ ವರ್ತಮಾನ ನೋಡಿ. ಬರವಣಿಗೆಯಲ್ಲಿ ಆರು ಸಾಲು, ಐದು ಬೇರೆ ಬೇರೆ ರೂಪ. ಬಾಯಲ್ಲಿ ನಾನು, ನೀನು, ಅವನು, ಅವರು ನಾಲ್ಕಕ್ಕೂ "ಪಾರ್ಲ್" ಒಂದೇ. ನಾವು ಅನ್ನೋದಕ್ಕೆ "ಪಾರ್ಲೋಂ", ನೀವು ಅನ್ನೋದಕ್ಕೆ "ಪಾರ್ಲೆ". ಮೂರೇ ಧ್ವನಿ. ಮೊದಲು ಈ ಮೂರನ್ನ ಬಾಯಲ್ಲಿ ಗಟ್ಟಿ ಮಾಡಿಸಿ, ಬರವಣಿಗೆಯ ಬಾಲಗಳು ಆಮೇಲೆ. ಉಲ್ಟಾ ಮಾಡಿದ್ರೆ ಮಕ್ಕಳು ಬರೆದಿರೋದನ್ನೆಲ್ಲ ಉಚ್ಚರಿಸೋಕೆ ಹೋಗಿ "ಪಾರ್ಲೆಂಟ್" ಅಂತಾರೆ.

ಹೊಸ ನಿಯಮ ತರುವಾಗ ನಿಯಮ ಬರೆದು ಉದಾಹರಣೆ ಕೊಡಬೇಡಿ. ಪಾಸೆ ಕೊಂಪೋಜ಼ೆ (ಭೂತಕಾಲದ ಒಂದು ರೂಪ) ತಗೊಳ್ಳಿ. ಮಕ್ಕಳು ಆಗಲೇ ಓದಿರೋ ಪಾಠದಿಂದ ಎಂಟು ವಾಕ್ಯ ಎತ್ತಿ ಬೋರ್ಡಲ್ಲಿ ಬರೀರಿ: ಸಹಾಯಕ ಕ್ರಿಯಾಪದವಾಗಿ ನಾಲ್ಕು "ಅವ್ವಾರ್" (ಬಳಿ ಇರು) ಹಿಡಿದದ್ದು, ನಾಲ್ಕು "ಎತ್ರ್" (ಇರು) ಹಿಡಿದದ್ದು, ಕಲಸಿ. ಎರಡು ಗುಂಪು ಮಾಡಿ ಅನ್ನಿ. ಆಮೇಲೆ "ಎರಡನೇ ಗುಂಪಿನ ಕ್ರಿಯಾಪದಗಳಲ್ಲಿ ಏನು ಸಮಾನ?" ಅಂತ ಕೇಳಿ. ಬರೋದು, ಹೋಗೋದು, ಹೊರಡೋದು ಅಂತ ಅವರೇ ಹೇಳ್ತಾರೆ. ನಿಯಮವನ್ನ ಅವರ ಮಾತಲ್ಲೇ ಬರೆಸಿ, ನೀವು ತಿದ್ದಿ. ಇದಕ್ಕೆ 12–15 ನಿಮಿಷ. ಉಳಿದ ಹೊತ್ತು ಬಳಕೆ.

ಇಲ್ಲೊಂದು ಜಾಗದಲ್ಲಿ ಹೊಸಬರು ತಪ್ಪದೆ ಎಡವುತ್ತಾರೆ. ಅವಳು ಬಂದಳು, ಅವನು ಬಂದನು ಅನ್ನೋದ್ರಲ್ಲಿ "ಅರಿವೆ" ಎರಡಕ್ಕೂ ಒಂದೇ ಥರ ಕೇಳಿಸುತ್ತೆ, ವ್ಯತ್ಯಾಸ ಕಾಗದದ ಮೇಲೆ ಮಾತ್ರ. ಅದನ್ನ ಬಾಯಿಮಾತಿನ ಅಭ್ಯಾಸದಲ್ಲಿ ತಿದ್ದೋಕೆ ಹೋಗಬಾರದು, ಬರೆಸಿಯೇ ತಿದ್ದಬೇಕು.

ಕಡಲತೀರ
ಪಾಠದ ಸಾಮಗ್ರಿ ಮೊದಲೇ ಅರ್ಥವಾಗಿರಬೇಕು ಅನ್ನೋದನ್ನ ಒತ್ತಿ ಹೇಳಿ. ಅರ್ಥವಾಗದ ಪಾಠದಿಂದ ವಾಕ್ಯ ಎತ್ತಿ ವ್ಯಾಕರಣ ಮಾಡಿದ್ರೆ ಎರಡೂ ಹೋಯ್ತು.

ಮೂರನೇಬೆಂಚು
ಇದೆಲ್ಲ ಚೆಂದ. ಆದ್ರೆ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕ. ಕೇಳೋದು, ಮಾತಾಡೋದು ಬರೋದು ಆ 20ರ ಒಳಗೆ ಒಂದು ಮೂಲೆಯಲ್ಲಿ. ಪ್ರಿನ್ಸಿಪಾಲರು ಕೇಳೋದು ಫಲಿತಾಂಶ, ಪಾಲಕರು ಕೇಳೋದು ನೂರಕ್ಕೆ ನೂರು. ಶಿಕ್ಷಕರು ಮಾತಾಡಿಸೋಕೆ ಯಾಕೆ ಹೊತ್ತು ಕೊಡ್ತಾರೆ?

ನಾಸಿಕ್ಯ
ಅಂಕಕ್ಕಾಗಿಯೇ ಕೊಡಬೇಕು. ಖಾಲಿ ಜಾಗ ತುಂಬೋ ಪ್ರಶ್ನೆಯಲ್ಲಿ ಮಗು ನಿಯಮ ನೆನೆಸಿಕೊಂಡು ತುಂಬಬಹುದು, ಪತ್ರ ಬರೆಯುವಾಗ ಅದು ನಡೆಯಲ್ಲ. ಬಾಯಲ್ಲಿ ಬಳಸದ ವಾಕ್ಯ ಪತ್ರದಲ್ಲಿ ಬರಲ್ಲ, ಕೊನೆಗೆ ಬಾಯಿಪಾಠದ ಒಂದೇ ಪತ್ರವನ್ನ ಎಲ್ಲ ವಿಷಯಕ್ಕೂ ಬರೀತಾರೆ. 6, 7, 8ನೇ ತರಗತಿಯಲ್ಲಿ ಮಾತಿಗೆ ಹೆಚ್ಚು ಹೊತ್ತು ಕೊಟ್ಟು, 9ರಿಂದ ಬೋರ್ಡ್ ಮಾದರಿಗೆ ತಿರುಗಿಸಿ.

ಡೆಲ್ಫ್ ಬರೆಯೋ ಮಕ್ಕಳೂ ಇರ್ತಾರೆ. ಅಲ್ಲಿ ಕೇಳೋದು, ಓದೋದು, ಬರೆಯೋದು, ಮಾತು, ನಾಲ್ಕಕ್ಕೂ 25ರಂತೆ. ಪಾಸಾಗೋಕೆ 100ಕ್ಕೆ 50 ಬೇಕು, ಯಾವುದೇ ಒಂದರಲ್ಲಿ 5ಕ್ಕಿಂತ ಕಡಿಮೆ ಬಂದ್ರೆ ಒಟ್ಟು ಎಷ್ಟಿದ್ರೂ ಫೇಲ್.

ಓದುಮನೆ
ಡೆಲ್ಫ್ ಎ1 ಮಾತಿನ ಪರೀಕ್ಷೆಯ ಎರಡನೇ ಭಾಗ ಶಿಕ್ಷಕರಿಗೆ ತೋರಿಸಲೇಬೇಕು. ತಯಾರಿಗೆ 10 ನಿಮಿಷ, ಮಾತು 5ರಿಂದ 7 ನಿಮಿಷ, ಮೂರು ಭಾಗ. ಮೊದಲನೆಯದು ಪರೀಕ್ಷಕರು ಕೇಳ್ತಾರೆ, ಮಗು ಉತ್ತರಿಸುತ್ತೆ. ಎರಡನೆಯದ್ರಲ್ಲಿ ಮಗುವೇ ಪದ ಬರೆದ ಚೀಟಿಗಳನ್ನ ಎತ್ತಿ ಪರೀಕ್ಷಕರಿಗೆ ಪ್ರಶ್ನೆ ಕೇಳ್ಬೇಕು. ನಮ್ಮ ಮಕ್ಕಳು ನಿಂತು ಬಿಡೋದು ಅಲ್ಲೇ. ಯಾಕಂದ್ರೆ ವರ್ಷಪೂರ್ತಿ ಕ್ಲಾಸಲ್ಲಿ ಪ್ರಶ್ನೆ ಕೇಳೋರು ಶಿಕ್ಷಕರು ಮಾತ್ರ. ದಿನಾ ಹಾಜರಿ ಆದ ಮೇಲೆ ಒಬ್ಬ ಮಗು ಶಿಕ್ಷಕರಿಗೆ ಎರಡು ಪ್ರಶ್ನೆ ಕೇಳೋ ರೂಢಿ ಹಾಕಿ, ಒಂದು ನಿಮಿಷದ ಕೆಲಸ, ವರ್ಷದಲ್ಲಿ ಎಲ್ಲರ ಸರದಿಯೂ ಬರುತ್ತೆ.

ಹುಬ್ಬಳ್ಳಿಯವ
ಭಾಳ ಛಲೋ ಹೇಳಿದ್ರಿ ಅಕ್ಕಾರ.

ಸಂಪಿಗೆರಸ್ತೆ
ಕ್ಲಾಸಲ್ಲಿ ಕನ್ನಡ ಬಳಸಬಹುದಾ? ಒಂದು ಶಾಲೆಯವರು ಫ್ರೆಂಚ್ ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಬೇಡ ಅಂತಿದ್ದಾರೆ.

ಕಡಲತೀರ
ಫ್ರೆಂಚ್ ಮಾತ್ರ ಅಂದ್ರೆ ಅರ್ಥ ಇದೆ. ಇಂಗ್ಲಿಷ್ ಸೈ, ಕನ್ನಡ ಬೇಡ ಅನ್ನೋದಕ್ಕೆ ಬೋಧನೆಯ ದೃಷ್ಟಿಯಿಂದ ಒಂದು ಕಾರಣವೂ ಇಲ್ಲ. ನೀನು–ನೀವು ವ್ಯತ್ಯಾಸ ಇಂಗ್ಲಿಷಲ್ಲಿಲ್ಲ, ಕನ್ನಡದಲ್ಲಿದೆ. ಅಜ್ಜಿಗೆ, ಗೆಳೆಯನಿಗೆ, ಅಂಗಡಿಯವರಿಗೆ ಯಾವುದು ಅಂತ ಕನ್ನಡದಲ್ಲಿ ಒಂದು ಸಲ ಕೇಳಿ, ಆಮೇಲೆ ಫ್ರಾನ್ಸಲ್ಲಿ ಎಲ್ಲೆಲ್ಲಿ ಬೇರೆಯಾಗುತ್ತೆ ಅಂತ ತೋರಿಸಿ: ಅಲ್ಲಿ ಅಜ್ಜಿಗೆ ಸಾಮಾನ್ಯವಾಗಿ ಏಕವಚನವೇ. "ಸ ಮ ಪ್ಲೆ" ಅನ್ನೋ ವಾಕ್ಯವೂ ಹಾಗೇ, "ಅದು ನನಗೆ ಇಷ್ಟವಾಗುತ್ತೆ" ಅನ್ನೋ ನಮ್ಮ ಕಟ್ಟೇ ಅದು. ಇಂಗ್ಲಿಷ್ ಮೂಲಕ ಹೋದ್ರೆ ಸುತ್ತುದಾರಿ.

ಕಪ್ಪುಹಲಗೆ
ನನ್ನ ತಕರಾರು ಬೇರೆ. ಬೆಂಗಳೂರಿನ ಕ್ಲಾಸಲ್ಲಿ ತಮಿಳು, ತೆಲುಗು, ಹಿಂದಿ, ಮಲಯಾಳಂ ಮನೆಮಾತಿನ ಮಕ್ಕಳಿರ್ತಾರೆ. ಕನ್ನಡದಲ್ಲೇ ವಿವರಿಸ್ತಾ ಹೋದ್ರೆ ಕೆಲವರು ಹೊರಗುಳೀತಾರೆ.

ಕಡಲತೀರ
ವಿವರಿಸಿ ಅಂತಿಲ್ಲ ಸರ್, ಹೋಲಿಸಿ ಅಂತಿದ್ದೀನಿ. "ನಿಮ್ಮ ಮನೆಮಾತಲ್ಲಿ ಇದು ಹೇಗೆ?" ಅಂತ ಕೇಳಿದ್ರೆ ತಮಿಳಿನ ಮಗು ನೀ–ನೀಂಗ ಅನ್ನುತ್ತೆ, ಹಿಂದಿಯ ಮಗು ತುಮ್–ಆಪ್ ಅನ್ನುತ್ತೆ. 2020ರಲ್ಲಿ ಬಂದ ಚೌಕಟ್ಟಿನ ಪೂರಕ ಸಂಪುಟದಲ್ಲೇ ಮಧ್ಯಸ್ಥಿಕೆ (ಒಬ್ಬರ ಮಾತನ್ನ ಇನ್ನೊಬ್ಬರಿಗೆ ತಿಳಿಯೋ ಹಾಗೆ ದಾಟಿಸೋದು), ಬಹುಭಾಷಾ ಸಾಮರ್ಥ್ಯ ಎರಡಕ್ಕೂ ಅಳತೆಗಳಿವೆ. ಆದರೆ ಲಿಂಗದ ವಿಷಯದಲ್ಲಿ ಎಚ್ಚರ. ನಮ್ಮಲ್ಲಿ ಕುರ್ಚಿ, ಮೇಜು ಎಲ್ಲ ಅದು. ಅಲ್ಲಿ ಪ್ರತಿ ವಸ್ತುವಿಗೂ ಸ್ತ್ರೀಲಿಂಗವೋ ಪುಲ್ಲಿಂಗವೋ ಇರುತ್ತೆ. ಇಲ್ಲಿ ಕನ್ನಡ ನೆರವಿಗೆ ಬರಲ್ಲ. ನಾಮಪದವನ್ನ ಒಂಟಿಯಾಗಿ ಬರೆಸಲೇಬೇಡಿ, ಯಾವಾಗಲೂ ಲಿಂಗ ತೋರಿಸೋ "ಲ" (ಪುಲ್ಲಿಂಗ) ಅಥವಾ "ಲಾ" (ಸ್ತ್ರೀಲಿಂಗ) ಜೊತೆಗೇ ಇರಲಿ. ಸ್ವರದಿಂದ ಶುರುವಾಗೋ ಪದಕ್ಕೆ ಅದೂ ಮುಚ್ಚಿಹೋಗುತ್ತೆ, ಅಂಥವಕ್ಕೆ "ಒಂದು" ಅನ್ನೋ ಅರ್ಥದ "ಅಂ" (ಪುಲ್ಲಿಂಗ), "ಯ್ಯೂನ್" (ಸ್ತ್ರೀಲಿಂಗ) ಹಾಕಿ ಬರೆಸಿ.

ಕಪ್ಪುಹಲಗೆ
ಹೋಲಿಕೆ ಅಂದ್ರೆ ಒಪ್ತೀನಿ. ಸೂಚನೆ ಮಾತ್ರ ಫ್ರೆಂಚಲ್ಲೇ ಇರಲಿ.

ಪೇಪರ್‌ಕಟ್ಟು
ಮೌಲ್ಯಮಾಪನದ ಬಗ್ಗೆ. ಭಾಷಣ ಬದಿಗಿಡಿ. ಮಕ್ಕಳು ಬರೆದ ಮೂರು ಉತ್ತರ, ಹೆಸರು ತೆಗೆದು, ಹನ್ನೆರಡು ಜನಕ್ಕೂ ಜೆರಾಕ್ಸ್ ಕೊಡಿ: ಒಂದು ಚೆನ್ನಾಗಿರೋದು, ಒಂದು ತಪ್ಪಿದ್ರೂ ಅರ್ಥವಾಗೋದು, ಒಂದು ವ್ಯಾಕರಣ ಸರಿಯಿದ್ದು ಕೇಳಿದ ಕೆಲಸವನ್ನೇ ಮಾಡದ್ದು. ಮಾತಾಡದೆ ಅಂಕ ಹಾಕಲಿ, ಬೋರ್ಡಲ್ಲಿ ಬರೀರಿ. ಅಂತರ ನೋಡಿ ಎಲ್ಲರೂ ಬೆಚ್ಚಿಬೀಳ್ತಾರೆ. ಆಮೇಲೆ ಡೆಲ್ಫ್ ಅಂಕಪಟ್ಟಿ ಹಂಚಿ ಮತ್ತೆ ಹಾಕಿಸಿ. ಅದರಲ್ಲಿ ಕೇಳಿದ ಕೆಲಸ ಮಾಡಿದ್ದಾರಾ ಅನ್ನೋದು ಬೇರೆ ಸಾಲು, ಪದಸಂಪತ್ತು ಬೇರೆ, ವ್ಯಾಕರಣ ಬೇರೆ. ಒಂದೇ ತಪ್ಪಿಗೆ ಮೂರು ಕಡೆ ಅಂಕ ಕಳೆಯೋ ಚಟ ಆಗ ಕಣ್ಣಿಗೆ ಬೀಳುತ್ತೆ. ಇದಕ್ಕೆ ಎರಡು ಗಂಟೆ ಇಡಿ.

ತಿದ್ದುವಾಗ ಸರಿ ಉತ್ತರ ಬರೆದು ಕೊಡೋ ಬದಲು ಅಂಚಿನಲ್ಲಿ ಗುರುತು ಹಾಕಿ, ಕ್ರಿಯಾಪದಕ್ಕೊಂದು, ಲಿಂಗಕ್ಕೊಂದು, ಕಾಗುಣಿತಕ್ಕೊಂದು. ಮಗು ತಾನೇ ತಿದ್ದಿ ತರಲಿ. ಕೆಂಪು ಶಾಯಿಯಲ್ಲಿ ಪೂರ್ತಿ ತಿದ್ದಿಕೊಟ್ಟ ಹಾಳೆಯನ್ನ ಯಾರೂ ಎರಡನೇ ಸಲ ನೋಡಲ್ಲ.

ಮೂರನೇಬೆಂಚು
ಕಾಗುಣಿತ ಅಂದ ಕೂಡಲೇ ನೆನಪಾಯ್ತು. ಕೆಲವು ಪದಗಳ ಮೇಲಿನ ಟೋಪಿ ಗುರುತು (^) ಬಿಟ್ರೆ ತಪ್ಪು ಹಾಕ್ಬೇಕಾ ಬೇಡ್ವಾ?

ಪೇಪರ್‌ಕಟ್ಟು
1990ರ ಕಾಗುಣಿತ ಸುಧಾರಣೆ ಪ್ರಕಾರ i ಮತ್ತು u ಅಕ್ಷರಗಳ ಮೇಲಿನ ಟೋಪಿ ಬಹಳಷ್ಟು ಪದಗಳಲ್ಲಿ ಬಿಡಬಹುದು, ಅರ್ಥ ಬದಲಾಗೋ ಕೆಲವು ಪದಗಳಲ್ಲಿ ಮಾತ್ರ ಉಳಿಸ್ಕೋಬೇಕು. ಹಳೇದೂ ಸರಿ, ಹೊಸದೂ ಸರಿ. ಫ್ರಾನ್ಸಿನ ಶಾಲಾ ಪುಸ್ತಕಗಳಿಗೆ ಹೊಸದು ವ್ಯಾಪಕವಾಗಿ ಬಂದಿದ್ದು 2016ರಿಂದ. ತಪ್ಪು ಹಾಕಬೇಡಿ.

ಕಡಲತೀರ
ಅದೇ ಥರ ಬೆಲ್ಜಿಯಂ, ಸ್ವಿಟ್ಜರ್ಲೆಂಡಿನಲ್ಲಿ ಎಪ್ಪತ್ತಕ್ಕೆ "ಸೆಪ್ತಾಂತ್" ಅಂತಾರೆ, ಫ್ರಾನ್ಸಿನವರ ಹಾಗೆ ಅರವತ್ತು–ಹತ್ತು ಅನ್ನಲ್ಲ. ಸಂಸ್ಕೃತಿಯ ಪಾಠ ಅಂದ್ರೆ ಐಫೆಲ್ ಗೋಪುರ, ಚೀಸು ಅಷ್ಟಕ್ಕೇ ನಿಲ್ಲಿಸಬೇಡಿ. ಸೆನೆಗಲ್, ಕ್ವಿಬೆಕ್ ತನ್ನಿ. ಪುದುಚೇರಿ ಪಕ್ಕದಲ್ಲೇ ಇದೆ, ಅಲ್ಲಿನ ಫ್ರೆಂಚ್ ಲಿಸೇ (ಶಾಲೆ) 1826ರಿಂದ ನಡೀತಿದೆ, ಬೀದಿ ಫಲಕಗಳೇ ಪಾಠದ ಸಾಮಗ್ರಿ.

ಹುಬ್ಬಳ್ಳಿಯವ
2020ರ ಶಿಕ್ಷಣ ನೀತಿ ಬಂದ ಮ್ಯಾಲ ಮೂರು ಭಾಷಾದಾಗ ಎರಡು ನಮ್ಮ ದೇಶದ್ದs ಇರಬೇಕಂತ ಆತಲ್ರಿ. ಫ್ರೆಂಚ್ ಶಿಕ್ಷಕರ ಕೆಲಸದ ಗತಿ ಏನ್ರಿ?

ಓದುಮನೆ
ಅದೇ ನೀತಿ ಫ್ರೆಂಚ್, ಜರ್ಮನ್, ಜಪಾನೀಸ್, ಸ್ಪ್ಯಾನಿಶ್ ಇವೆಲ್ಲ ಪ್ರೌಢ ಹಂತದಲ್ಲಿ ಕೊಡಬಹುದು ಅಂತಾನೂ ಹೇಳುತ್ತೆ. ಶಾಲೆಯಿಂದ ಶಾಲೆಗೆ ಜಾರಿ ಬೇರೆ ಬೇರೆ. ಅದಕ್ಕೆ ಬೇರೆ ಚರ್ಚೆ ತೆರೀರಿ ಸರ್, ಇಲ್ಲಿ ತರಬೇತಿ ಮುಗಿಸೋಣ.

ಸಂಪಿಗೆರಸ್ತೆ
ಹೌದು, ದಯವಿಟ್ಟು. ಐದು ದಿನ ಆದ ಮೇಲೆ ಮುಂದೆ ಓದಬೇಕು ಅನ್ನೋರಿಗೆ ಏನು ದಾರಿ ತೋರಿಸ್ಲಿ?

ನಾಸಿಕ್ಯ
ದುಡ್ಡು ಖರ್ಚಿಲ್ಲದ್ದು ಮೊದಲು. ಫ್ರೆಂಚ್ ಟಿವಿ ವಾಹಿನಿ ಟಿವಿ5ಮೋಂದ್‌ನ ಜಾಲತಾಣದ ಶಿಕ್ಷಕರ ವಿಭಾಗದಲ್ಲಿ ವಿಡಿಯೋ ಜೊತೆ ಪಾಠ ಯೋಜನೆಯೂ ಸಿಗುತ್ತೆ, ಹಂತ ನೋಡಿ ಆರಿಸಬಹುದು. ಆರ್‌ಎಫ್‌ಐ ರೇಡಿಯೋದವರ ಸುಲಭ ಫ್ರೆಂಚ್ ಸುದ್ದಿ ಶಿಕ್ಷಕರ ಸ್ವಂತ ಕಿವಿಗೆ ಒಳ್ಳೇದು. ಬಿ2 ತಗೊಂಡು ನಾಲ್ಕು ವರ್ಷ ಎ1 ಕಲಿಸ್ತಾ ಕೂತ್ರೆ ಶಿಕ್ಷಕರ ಫ್ರೆಂಚೇ ಕುಗ್ಗುತ್ತೆ, ದಿನಾ ಹತ್ತು ನಿಮಿಷ ಕೇಳೋ ಅಭ್ಯಾಸ ಬೇಕೇ ಬೇಕು. ಐಎಫ್‌ಪ್ರೋಫ್ ಜಾಲದಲ್ಲಿ ಬೇರೆ ದೇಶದ ಶಿಕ್ಷಕರ ಜೊತೆ ಸಾಮಗ್ರಿ ಹಂಚ್ಕೋಬಹುದು.

ದೂರಶಿಕ್ಷಣದಲ್ಲಿ ಫ್ರೆಂಚನ್ನ ಪರಭಾಷೆಯಾಗಿ ಕಲಿಸೋರಿಗೆ DAEFLE ಅನ್ನೋ ಡಿಪ್ಲೊಮಾ ಇದೆ, ಪ್ಯಾರಿಸ್ಸಿನ ಅಲಿಯಾನ್ಸ್ ಫ್ರಾನ್ಸೇಸ್ ಮತ್ತು ಫ್ರಾನ್ಸಿನ ದೂರಶಿಕ್ಷಣ ಸಂಸ್ಥೆ ಕ್ನೆಡ್ ಸೇರಿ ಕೊಡೋದು. ಫ್ರಾನ್ಸಲ್ಲೇ ಬೇಸಿಗೆ ತರಬೇತಿ ಬೇಕಂದ್ರೆ ಬೆಲ್ಕ್ (BELC) ಶಿಬಿರ ಇದೆ, ವಿಶಿ ಊರಿನ ಕಾವಿಲಾಂ (CAVILAM) ಭಾಷಾ ಕೇಂದ್ರ ಇದೆ. ಆದರೆ ಅವರ ಬೇಸಿಗೆ ಅಂದ್ರೆ ಜುಲೈ, ನಮಗೆ ಆಗ ಶಾಲೆ ನಡೀತಿರುತ್ತೆ. ರಜೆ ಮಂಜೂರು ಮಾಡಿಸ್ಕೊಂಡು ಆಮೇಲೆ ಅರ್ಜಿ ಹಾಕ್ಬೇಕು. ಚಿಕ್ಕ ವಯಸ್ಸಿನವರಿಗೆ ಭಾಷಾ ಸಹಾಯಕರ ಕಾರ್ಯಕ್ರಮ ಹೇಳಿ: ಏಳು ತಿಂಗಳು ಫ್ರಾನ್ಸಿನ ಶಾಲೆಯಲ್ಲಿ ವಾರಕ್ಕೆ 12 ಗಂಟೆ ಇಂಗ್ಲಿಷ್ ಕಲಿಸೋದು, ಉಳಿದ ಹೊತ್ತು ಅಲ್ಲಿನ ಬೇರೆ ಕ್ಲಾಸುಗಳನ್ನ ನೋಡೋಕೂ ಅವಕಾಶ ಕೇಳ್ಕೋಬಹುದು.

ಪೇಪರ್‌ಕಟ್ಟು
ಡೆಲ್ಫ್ ಪರೀಕ್ಷಕರ ತರಬೇತಿಯನ್ನೂ ಹೇಳಿ. ಅದರ ಮಾನ್ಯತೆ ಐದು ವರ್ಷ, ಆಮೇಲೆ ನವೀಕರಿಸ್ಕೋಬೇಕು. ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ, ಅದರಿಂದ ಕೈ ಪಳಗಿ ಕ್ಲಾಸಲ್ಲಿ ಅಂಕ ಹಾಕೋ ರೀತಿಯೇ ಬದಲಾಗುತ್ತೆ.

ಕಪ್ಪುಹಲಗೆ
ಶಾಲೆ ಶುರುವಾಗಿ ಆರು ವಾರಕ್ಕೆ ಒಬ್ಬೊಬ್ಬರ ಒಂದು ಪಿರಿಯಡ್ ಹೋಗಿ ನೋಡೋದು ಈಗಲೇ ಶಾಲೆಗಳಿಂದ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ ಸರ್. ತರಬೇತಿ ಕೊಟ್ಟವರು ಹಿಂಬದಿ ಕೂತು ಅದೇ ಸ್ಟಾಪ್‌ವಾಚ್ ಕೆಲಸ ಮಾಡಲಿ. ಪ್ರಿನ್ಸಿಪಾಲರು ಜೊತೆಗೆ ಬರೋದು ಬೇಡ, ಬಂದ್ರೆ ಶಿಕ್ಷಕರು ತೋರಿಸೋ ಪಾಠ ಮಾಡ್ತಾರೆ.

ಸಂಪಿಗೆರಸ್ತೆ
ಒಪ್ಪಿಸ್ತೀನಿ. ಕೊನೇ ಪ್ರಶ್ನೆ: ಕೇಳಿಸೋ ಪಾಠಕ್ಕೆ ಫೋನು ಸಾಕಾ? ಎಲ್ಲ ಕ್ಲಾಸಲ್ಲೂ ಸ್ಮಾರ್ಟ್ ಬೋರ್ಡ್ ಇಲ್ಲ.

ಹುಬ್ಬಳ್ಳಿಯವ
ಫೋನ್ ಬ್ಯಾಡ್ರಿ, ಮೂರನೇ ಸಾಲಿಂದ ಆಚೆ ಸ, ಜ಼ ಎರಡೂ ಒಂದs ಕೇಳಸ್ತಾವ. ಬ್ಯಾಟರಿ ಮ್ಯಾಲ ನಡಿಯೋ ಬ್ಲೂಟೂತ್ ಸ್ಪೀಕರ್ ಒಂದು ತಗೋರಿ, ಕರೆಂಟ್ ಹೋದ್ರೂ ಪಾಠ ನಿಲ್ಲೂದಿಲ್ಲ. ಅದನ್ನ ಮಾಸ್ತರ ಮೇಜಿನ ಮ್ಯಾಲ ಇಡಬ್ಯಾಡ್ರಿ, ಕ್ಲಾಸಿನ ನಡಬರಕ, ಮಕ್ಕಳ ಕಿವಿ ಎತ್ತರಕ್ಕ ಒಂದು ಸ್ಟೂಲ್ ಮ್ಯಾಲ ಇಡ್ರಿ. ಫ್ಯಾನ್ ಬಂದ್ ಮಾಡ್ರಿ. ಆಡಿಯೋ ಮೊದಲs ಡೌನ್‌ಲೋಡ್ ಮಾಡಿಟ್ಕೋರಿ, ನೆಟ್ ನಂಬಬ್ಯಾಡ್ರಿ.

ಓದುಮನೆ
ಆಡಿಯೋ ಒಂದೂವರೆ ನಿಮಿಷ ಮೀರದಿರಲಿ. ಮೊದಲ ಸಲ ಪುಸ್ತಕ ಮುಚ್ಚಿಸಿ, ಯಾರು, ಎಲ್ಲಿ ಅನ್ನೋ ಎರಡೇ ಪ್ರಶ್ನೆ. ಎರಡನೇ ಸಲಕ್ಕೆ ಮುಂಚೆ ಪ್ರಶ್ನೆ ಓದೋಕೆ ಅರ್ಧ ನಿಮಿಷ ಕೊಡಿ, ಕೇಳ್ತಾ ಟಿಕ್ ಹಾಕಲಿ. ಪಕ್ಕದವರ ಜೊತೆ ಉತ್ತರ ತಾಳೆ ನೋಡಿದ ಮೇಲೆ ಮೂರನೇ ಸಲ. ಬರಹದ ಪ್ರತಿ ಕೊಡೋದಿದ್ರೆ ಅದು ನಾಲ್ಕನೇ ಸಲಕ್ಕೆ ಮಾತ್ರ.